ಕೆಂಪು ಚುಕ್ಕೆಗೆ ಕೊಡದೆ ಉಳಿಸಿದ ಹಣ: ಒಂದೇ ಗಾಜಿನ ಎರಡು ಕ್ಯಾಮೆರಾಗಳ ಜೊತೆ ನನ್ನ ಅನುಭವ

ಮೇಜಿನ ಮೇಲೆ 12 ಅಂಗುಲ ಚೌಕದ 20 ಮುದ್ರಣಗಳನ್ನು ಜೋಡಿ ಜೋಡಿಯಾಗಿ ಹರಡಿ, ಪ್ರತಿ ಜೋಡಿಯಲ್ಲಿ ನನ್ನ ಪ್ಯಾನಸೋನಿಕ್‌ನಿಂದಲ್ಲದೆ ಕೆಂಪು ಚುಕ್ಕೆಯ ಗುರುತಿನ ದುಬಾರಿ ಲೈಕಾ ಕ್ಯಾಮೆರಾದಿಂದ ತೆಗೆದದ್ದು ಯಾವುದು ಎಂದು ಗುರುತಿಸುವಂತೆ ಆರು ಮಂದಿ ಛಾಯಾಗ್ರಾಹಕ ಗೆಳೆಯರನ್ನು ಕೇಳಿದೆ. ಒಟ್ಟು 60 ಉತ್ತರಗಳಲ್ಲಿ ಸರಿಯಾದವು 31 ಎಂದು ನೆನಪು. ಕಣ್ಣುಮುಚ್ಚಿ ನಾಣ್ಯ ಚಿಮ್ಮಿದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು. ಆ ಲೈಕಾದ ಒಡೆಯನೇ ಹತ್ತರಲ್ಲಿ ಐದನ್ನು ಮಾತ್ರ ಸರಿಯಾಗಿ ಹೇಳಿದ. ‘ಹೆಚ್ಚು ಬೆಲೆ ಕೊಟ್ಟವರಿಗೆ ಗಾಜೇ, ಅಂದರೆ ಲೆನ್ಸೇ, ಬೇರೆ ಸಿಗುತ್ತದೆ’ ಎಂದು ಎರಡು ವರ್ಷ ನನ್ನೊಡನೆ ವಾದಿಸಿದವರೆಲ್ಲ ಆ ಮೇಜಿನ ಸುತ್ತ ಇದ್ದರು. ಆ ಫಲಿತಾಂಶ ಒಂದೇ ಸಲಕ್ಕೆ ಬಂದದ್ದಲ್ಲ. ಅದಕ್ಕೂ ಮೊದಲು ಎರಡು ಬಾರಿ ನಾನು ಸೋತಿದ್ದೆ, ಆ ಸೋಲುಗಳನ್ನು ಬರೆದಿಡಬೇಕೆಂಬುದೇ ಈ ಬರಹದ ಮುಖ್ಯ ಉದ್ದೇಶ.

ನಾನು ಹೋಲಿಸಿದ್ದು 2014ರಲ್ಲಿ ಬಂದ ಪ್ಯಾನಸೋನಿಕ್ ಎಲ್‌ಎಕ್ಸ್100 ಮತ್ತು ಅದೇ ವರ್ಷದ ಲೈಕಾ ಡಿ-ಲಕ್ಸ್ ಟೈಪ್ 109 ಎಂಬ ಅವಳಿಗಳನ್ನು. ಎರಡರಲ್ಲೂ ಲೈಕಾ ಹೆಸರು ಹೊತ್ತ ಫುಲ್ ಫ್ರೇಮ್ (35 ಮಿ.ಮೀ. ಫಿಲ್ಮಿನ ಅಳತೆಯ) ಕ್ಯಾಮೆರಾದ 24-75 ಮಿ.ಮೀ.ಗೆ ಸಮಾನವಾದ ಎಫ್ 1.7-2.8 (ಈ ಎಫ್ ಸಂಖ್ಯೆ ಚಿಕ್ಕದಾದಷ್ಟೂ ಹೆಚ್ಚು ಬೆಳಕು) ಲೆನ್ಸ್, ಮೈಕ್ರೊ ಫೋರ್ ಥರ್ಡ್ಸ್ ಅಳತೆಯ ಸೆನ್ಸರ್, ಅದರಿಂದ ಬಳಸಿಕೊಳ್ಳುವ ಸುಮಾರು 12.8 ಮೆಗಾಪಿಕ್ಸೆಲ್ ಎಲ್ಲವೂ ಒಂದೇ. ಅಮೆರಿಕದಲ್ಲಿ ಮೊದಲನೆಯದಕ್ಕೆ ಬಿಡುಗಡೆಯ ಬೆಲೆ 900 ಡಾಲರ್, ಎರಡನೆಯದಕ್ಕೆ 1,195 ಡಾಲರ್. ಗೆಳೆಯ ತನ್ನ ಡಿ-ಲಕ್ಸನ್ನು ಬಂಧುವೊಬ್ಬರ ಮೂಲಕ ಹೊಸದಾಗಿಯೇ ತರಿಸಿಕೊಂಡ, ಆಗಿನ ವಿನಿಮಯ ದರದಲ್ಲಿ ಅವನಿಗೆ ಸುಮಾರು 74,000 ರೂಪಾಯಿ ಬಿದ್ದಿತು. ನಾನು ಎಲ್‌ಎಕ್ಸ್100 ಅನ್ನು ಎರಡು ವರ್ಷ ತಡವಾಗಿ, ಬೆಂಗಳೂರಿನಲ್ಲಿ ಒಬ್ಬರು ಬಳಸಿ ಬಿಟ್ಟದ್ದನ್ನು, 31 ಅಥವಾ 32 ಸಾವಿರಕ್ಕೆ ಕೊಂಡೆ.

ನನ್ನ ಕೆಲಸ ಹೊಯ್ಸಳ ಗುಡಿಗಳ ಭುವನೇಶ್ವರಿಗಳನ್ನು, ಅಂದರೆ ಗುಡಿಯೊಳಗಿನ ಕಂಬಗಳ ಸಭಾಂಗಣವಾದ ನವರಂಗದ ಅಂಕಣಗಳ ಮೇಲಿನ ಕೆತ್ತನೆಯ ಮಾಡುಗಳನ್ನು (ಒಳಛಾವಣಿಗಳನ್ನು), ಚಿತ್ರಗಳಲ್ಲಿ ದಾಖಲಿಸುವುದು. ಸೋಮನಾಥಪುರದಂತಹ ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ಬಳಸುವಂತಿಲ್ಲ, ಒಳಗಿನ ಬೆಳಕೋ ಬಹಳ ಕಡಿಮೆ. ಅಂಗೈಯಷ್ಟು ಚೀಲಕ್ಕೆ ರಾಗಿ ತುಂಬಿ, ನೆಲದ ಮೇಲಿಟ್ಟು, ಅದರ ಮೇಲೆ ಕ್ಯಾಮೆರಾವನ್ನು ಅಂಗಾತ ಮಲಗಿಸಿ, ವೈಫೈ ಮೂಲಕ ಮೊಬೈಲಿನಲ್ಲಿ ಚೌಕಟ್ಟು ನೋಡಿಕೊಂಡು ಒಂದೆರಡು ಸೆಕೆಂಡಿನ ಎಕ್ಸ್‌ಪೋಶರ್ ಕೊಡುವುದು ನನ್ನ ಪದ್ಧತಿ. ಕಡಲೆಕಾಳು, ಅಕ್ಕಿ, ಮರಳು ಎಲ್ಲವನ್ನೂ ತುಂಬಿ ನೋಡಿದ್ದೇನೆ, ಕ್ಯಾಮೆರಾವನ್ನು ರಾಗಿಯಷ್ಟು ಒಪ್ಪವಾಗಿ ಹಿಡಿದುಕೊಳ್ಳುವುದು ಬೇರೊಂದಿಲ್ಲ. ದೊಡ್ಡ ಡಿಎಸ್‌ಎಲ್‌ಆರ್ ಇಟ್ಟರೆ ಚೀಲ ಒಂದು ಬದಿಗೆ ವಾಲುತ್ತದೆ, ಆದ್ದರಿಂದ ಈ ಕೆಲಸಕ್ಕೆ ಕಾಂಪ್ಯಾಕ್ಟ್ ಕ್ಯಾಮೆರಾವೇ ಸರಿ. ಮಾಡಿನ ನಡುವೆ ಇಳಿಬಿದ್ದ ಪದ್ಮದ ಮೊಗ್ಗಿನ ನೇರ ಕೆಳಗೆ, ಕೂದಲೆಳೆಯಷ್ಟೂ ಓರೆಯಾಗದಂತೆ ಕ್ಯಾಮೆರಾ ಕೂರಿಸಲು ಒಂದು ಉಪಾಯವಿದೆ. ಮೂರು ಮಳೆಗಾಲ ಕಳೆದು ಕಂಡುಕೊಂಡ ಉಪಾಯವಾದ್ದರಿಂದ ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಮೊದಲ ಪರೀಕ್ಷೆಯಲ್ಲಿ ಎರಡೂ ಕ್ಯಾಮೆರಾಗಳ ಜೆಪೆಗ್‌ಗಳನ್ನು ಇದ್ದ ಹಾಗೆಯೇ ಮುದ್ರಿಸಿದೆ, ಹತ್ತರಲ್ಲಿ ಎಂಟು ಜೋಡಿಗಳಲ್ಲಿ ಎಲ್ಲರೂ ಲೈಕಾದ್ದನ್ನೇ ಮೆಚ್ಚಿದರು. ಹೊಯ್ಸಳರ ಬಳಪದ ಕಲ್ಲು ಬೂದು ಮತ್ತು ಹಸಿರಿನ ನಡುವಿನ ಬಣ್ಣದ್ದು, ಬಿಳಿ ಸಮತೋಲ (ವೈಟ್ ಬ್ಯಾಲೆನ್ಸ್) ಸ್ವಲ್ಪ ಜಾರಿದರೂ ಕಲ್ಲು ಪಾಚಿ ಕಟ್ಟಿದಂತೆ ಕಾಣುತ್ತದೆ. ನನ್ನ ಚಿತ್ರಗಳಲ್ಲಿ ಹಾಗೆಯೇ ಆಗಿತ್ತು. ಗೆಳೆಯನವು ಸ್ವಲ್ಪ ಬೆಚ್ಚಗಿನ ಛಾಯೆಯವು, ಒಂದು ಸ್ಟಾಪಿನ (ಬೆಳಕಿನ ಅಳತೆಯ ಒಂದು ಮೆಟ್ಟಿಲಿನ) ಮೂರನೇ ಒಂದರಷ್ಟು ಹೆಚ್ಚು ಬೆಳಕಿನವು. ಒಂದೇ ಗಾಜು, ಒಂದೇ ಸೆನ್ಸರ್ ಇದ್ದರೂ ಜೆಪೆಗ್ ತಯಾರಿಸುವಾಗ ಎರಡು ಸಂಸ್ಥೆಗಳೂ ಬಣ್ಣವನ್ನು ಬೇರೆ ಬೇರೆ ರುಚಿಗೆ ಹದಗೊಳಿಸುತ್ತವೆ. ಜೆಪೆಗ್‌ನಲ್ಲೇ ತೃಪ್ತಿಪಡುವವರಿಗೆ ಈ ರುಚಿಭೇದವೂ ಬೆಲೆಯ ಒಂದು ಭಾಗ ಎಂದು ಅಂದೇ ಒಪ್ಪಿಕೊಂಡೆ.

ಎರಡನೆಯ ಬಾರಿ ಎರಡರಲ್ಲೂ ಕ್ಯಾಮೆರಾ ಹದಗೊಳಿಸದ ರಾ ಕಡತಗಳನ್ನೇ ತೆಗೆದು, ಬಣ್ಣ ಸರಿಹೊಂದಿಸಲು ಬೂದು ಕಾರ್ಡ್ ಇಟ್ಟು, ಚಿತ್ರ ಸಂಸ್ಕರಿಸುವ ತಂತ್ರಾಂಶವಾದ ಲೈಟ್‌ರೂಮಿನಲ್ಲಿ ಒಂದೇ ಬಗೆಯಲ್ಲಿ ಸಂಸ್ಕರಿಸಿದೆ. ಬಣ್ಣ ಹತ್ತಿರ ಬಂದಿತು, ಆದರೂ ಆರರಲ್ಲಿ ನಾಲ್ವರು ಏಳೆಂಟು ಜೋಡಿಗಳನ್ನು ಸರಿಯಾಗಿ ಗುರುತಿಸಿದರು. ನನ್ನ ಚಿತ್ರಗಳ ನೆರಳುಗಳಲ್ಲಿ ತೆಳುವಾದ ಮಂಜು ಕವಿದಂತಿದೆ, ಕಂಬಗಳಲ್ಲಿ ಕಡೆದ ಗೆರೆಗಳು ಚೂಪಾಗಿಲ್ಲ ಎಂದರು, ಅವರ ಮಾತು ನಿಜವಾಗಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಮಿಕ್ಕ ಹಣವನ್ನು ಹೇಗಾದರೂ ಹೊಂದಿಸಿ ಡಿ-ಲಕ್ಸನ್ನೇ ಕೊಂಡುಬಿಡಬೇಕು ಎಂಬಲ್ಲಿಯವರೆಗೆ ಯೋಚಿಸಿದೆ.

ಕಾರಣ ಮಾತ್ರ ಲೆನ್ಸಿನ ಮುಂದೆಯೇ ಇತ್ತು. ಹಿಂದಿನ ಬಳಕೆದಾರರು ಲೆನ್ಸಿಗೆ 43 ಮಿ.ಮೀ.ನ ಅಗ್ಗದ ಯುವಿ ಫಿಲ್ಟರ್ ಒಂದನ್ನು ತಿರುಗಿಸಿ ಬಿಟ್ಟಿದ್ದರು, ಗಾಜಿಗೆ ರಕ್ಷಣೆಯಾದೀತು ಎಂದು ನಾನೂ ಅದನ್ನು ತೆಗೆದಿರಲಿಲ್ಲ. ನವರಂಗದ ಬಾಗಿಲಿನಿಂದ ಬರುವ ಬಿಸಿಲು ಆ ಫಿಲ್ಟರಿನೊಳಗೆ ಚದುರಿ, ಚಿತ್ರದ ಕಾಂಟ್ರಾಸ್ಟನ್ನೆಲ್ಲ ಕರಗಿಸುತ್ತಿತ್ತು. ಅದನ್ನು ತೆಗೆದು ಅದೇ ಮಾಡನ್ನು ಅದೇ ಹೊತ್ತಿಗೆ ತೆಗೆದಾಗ ಕೆತ್ತನೆ ಎದ್ದು ನಿಂತಿತು. ನಾನೂರು ರೂಪಾಯಿಯೂ ಬೆಲೆ ಬಾಳದ ಗಾಜಿನ ತುಂಡೊಂದು 40,000 ರೂಪಾಯಿಗಳ ವ್ಯತ್ಯಾಸವಿದೆ ಎಂದು ನಾಲ್ಕು ಜನರನ್ನು ನಂಬಿಸಿತ್ತು. ಮೂರನೆಯ ಪರೀಕ್ಷೆ ನಡೆದದ್ದು ಇದಾದ ಮೇಲೆ. ಬಳಪದ ಕಲ್ಲಿಗೆಂದೇ ನಾನು ಮಾಡಿಕೊಂಡ ಬಣ್ಣದ ಪ್ರೊಫೈಲನ್ನು ಎರಡೂ ಕ್ಯಾಮೆರಾಗಳ ಕಡತಗಳಿಗೆ ಸಮಾನವಾಗಿ ಹಾಕಿದೆ. ಆ ಪ್ರೊಫೈಲಿನ ಅಂಕಿಗಳನ್ನು ಇಲ್ಲಿ ಕೊಡುತ್ತಿಲ್ಲ, ಆದರೆ ಹಸಿರನ್ನು ತಗ್ಗಿಸುವುದಕ್ಕಿಂತ ಹಳದಿಯನ್ನು ಹಿಡಿತಕ್ಕೆ ತರುವುದರಲ್ಲಿ ಕೆಲಸವಿದೆ ಎಂಬಷ್ಟನ್ನು ಹೇಳಬಲ್ಲೆ.

ಬಳಸಿದ ಕ್ಯಾಮೆರಾ ಕೊಳ್ಳುವವರು ಧೂಳಿನ ವಿಷಯವನ್ನೂ ತಿಳಿದಿರಬೇಕು. ಮುಂದಕ್ಕೆ ಚಾಚಿ ಹಿಂದಕ್ಕೆ ಸರಿಯುವ ಲೆನ್ಸು ಯಾವ ಹೆಸರಿನದಾದರೂ ಉಸಿರಾಡಿದಂತೆ ಗಾಳಿಯನ್ನು ಒಳಗೆಳೆಯುತ್ತದೆ. ಈ ಅವಳಿಗಳಲ್ಲಿ ಎರಡಕ್ಕೂ ಧೂಳು ತಡೆಯುವ ಸೀಲಿಂಗ್ ಇಲ್ಲ, ಕೆಂಪು ಚುಕ್ಕೆಗೆ ಕೊಟ್ಟ ಹಣ ಇದರಿಂದ ಕಾಪಾಡುವುದಿಲ್ಲ. ನನ್ನದರಲ್ಲಿ ಕೊಳ್ಳುವಾಗಲೇ ಸೆನ್ಸರಿನ ಮೇಲೆ ಎರಡು ಕಣಗಳಿದ್ದವು, ನಾನು ಪರೀಕ್ಷಿಸದೆ ತಂದಿದ್ದೆ. ಸ್ವಚ್ಛಗೊಳಿಸಲು ಒಂದು ಕಡೆ 9,000 ಕೇಳಿದರು, ಇನ್ನೊಂದು ಕಡೆ 2,500ಕ್ಕೆ ಒಪ್ಪಿ, ಬಿಚ್ಚಿ ಜೋಡಿಸಿ, ಎರಡು ಕಣಗಳನ್ನು ಮೂರು ಮಾಡಿ ಕೊಟ್ಟರು. ಆ ಹಣ ಹೋಯಿತು. ಆಮೇಲೆ ಎಫ್ 2ರಿಂದ ಎಫ್ 11ರ ತನಕ ಖಾಲಿ ಆಕಾಶವನ್ನು ತೆಗೆದು ನೋಡಿದಾಗ ಕಲೆಗಳು ಕಾಣುವುದು ಎಫ್ 8ರಿಂದ ಮುಂದಕ್ಕೆ ಎಂದು ತಿಳಿಯಿತು. ಈ ಅಳತೆಯ ಸೆನ್ಸರಿನಲ್ಲಿ ಎಫ್ 4 ಇಟ್ಟರೆ ಫುಲ್ ಫ್ರೇಮಿನ ಎಫ್ 8ರಷ್ಟು ಫೋಕಸಿನ ಆಳ ಸಿಗುತ್ತದೆ, ಒಂದು ಭುವನೇಶ್ವರಿಗೆ ಅದು ಧಾರಾಳ. ಎಫ್ 5.6 ದಾಟದಿರುವ ನಿಯಮ ಮಾಡಿಕೊಂಡೆ, ಕಣಗಳು ಇಂದಿಗೂ ಒಳಗೇ ಇವೆ.

ನಡುವೆ ಮಾಡಿದ ಬೇರೆ ಪ್ರಯೋಗಗಳಲ್ಲಿ ಎರಡನ್ನು ಹೇಳುತ್ತೇನೆ. ಪೂಜೆ ನಡೆಯುವ ಗುಡಿಯೊಂದರಲ್ಲಿ ಸದ್ದಾಗಬಾರದೆಂದು ಎಲೆಕ್ಟ್ರಾನಿಕ್ ಶಟರ್ ಬಳಸಿ ಕೈಯಲ್ಲೇ ಹಿಡಿದು ತೆಗೆದ ಸುಮಾರು 60 ಚಿತ್ರಗಳಲ್ಲಿ ಎಲ್‌ಇಡಿ ದೀಪಗಳ ಮಿಣುಕಿನಿಂದ ಅಡ್ಡಪಟ್ಟಿಗಳು ಮೂಡಿ ಎಲ್ಲವೂ ಕೆಟ್ಟವು. ಈ ಕ್ಯಾಮೆರಾಗಳ ಲೆನ್ಸಿನೊಳಗಿನ ಯಾಂತ್ರಿಕ ಲೀಫ್ ಶಟರಿನ ಸದ್ದು ಹೇಗೂ ಪಿಸುಮಾತಿನಷ್ಟೇ, ಅದನ್ನೇ ಬಳಸಬೇಕಿತ್ತು. ಇನ್ನೊಂದು, ಸವೆದ ಶಾಸನಗಳನ್ನು ಮುಸ್ಸಂಜೆಯ ಮೇಲೆ ಟಾರ್ಚಿನ ಓರೆಬೆಳಕಿನಲ್ಲಿ ನಾಲ್ಕು ದಿಕ್ಕಿನಿಂದ ತೆಗೆದು ಒಂದರ ಮೇಲೊಂದು ಕೂಡಿಸಿದ್ದು. ಶಾಸನದ ಮೇಲೆ ಹಿಟ್ಟು, ಸೀಮೆಸುಣ್ಣ ಸವರುವ ಕೆಟ್ಟ ರೂಢಿಯ ಅಗತ್ಯವೇ ಇದರಲ್ಲಿ ಇಲ್ಲ. ಹಗಲಿನಲ್ಲಿ ಕಾಣದ ಎರಡು ಸಾಲುಗಳನ್ನು ಹೀಗೆ ಓದಿಸಿದ ಮೇಲೆ ನಮ್ಮ ಬಳಗದ ಶಾಸನಾಸಕ್ತರು ಈ ಕ್ಯಾಮೆರಾವನ್ನು ಗೌರವದಿಂದ ಕಾಣತೊಡಗಿದರು.

ನನ್ನ ಲೆಕ್ಕ ಸ್ಥೂಲವಾಗಿ ಇಷ್ಟು: ಕ್ಯಾಮೆರಾ 32,000, ವ್ಯರ್ಥವಾದ ಸ್ವಚ್ಛತೆ 2,500, ಟಾರ್ಚ್ ಮತ್ತು ಬೂದು ಕಾರ್ಡ್ ಸೇರಿ 1,800, ಹೆಚ್ಚುವರಿ ಬ್ಯಾಟರಿಗಳು ಇನ್ನೊಂದು 1,800, ಮೂರು ಪರೀಕ್ಷೆಗಳ ಮುದ್ರಣಕ್ಕೆ 9,000. ಒಟ್ಟು 47,000 ದಾಟಿರಬಹುದು. ನನ್ನ ಬ್ಯಾಟರಿ ಗೆಳೆಯನ ಡಿ-ಲಕ್ಸಿನಲ್ಲೂ ಕೂತಿತು, ಓಡಿತು, ಆದರೆ ಲೈಕಾ ಹೆಸರಿನ ಬ್ಯಾಟರಿಗೆ ಅವನು ಕೊಟ್ಟ ಬೆಲೆ ಬೇರೆಯೇ. ಎಲ್‌ಎಕ್ಸ್100ರ ಮೈಮೇಲೆ ಇರುವ ಹಿಡಿಕೆಯ ಉಬ್ಬು ಡಿ-ಲಕ್ಸಿನಲ್ಲಿ ಇಲ್ಲ, ಅದನ್ನೂ ಅವನು ಪ್ರತ್ಯೇಕವಾಗಿ ಕೊಳ್ಳಬೇಕಾಯಿತು. ಅವನಿಗೆ ಸಿಕ್ಕ ಲಾಭವೆಂದರೆ ಜೊತೆಗೆ ಬಂದ ಲೈಟ್‌ರೂಮ್ ಪರವಾನಗಿ. ಅದಕ್ಕೂ ದೊಡ್ಡ ಲಾಭವೊಂದನ್ನು ಅವನು ಕ್ಯಾಮೆರಾ ಮಾರುವಾಗ ಕಂಡೆ. ಐದು ವರ್ಷ ಬಳಸಿದ ಮೇಲೂ 45,000 ಬಂದಿತು, ಅಂದರೆ ಅವನಿಗೆ ತಗಲಿದ ನಷ್ಟ ಸುಮಾರು 29,000. ಎಲ್‌ಎಕ್ಸ್100 ಅನ್ನು ಹೊಸದಾಗಿ 56,000ಕ್ಕೆ ಕೊಂಡು ಅಷ್ಟೇ ಕಾಲ ಬಳಸಿ ಮಾರಿದ್ದರೆ 25,000 ಬರುತ್ತಿತ್ತೇನೋ, ನಷ್ಟ ಹೆಚ್ಚುಕಡಿಮೆ ಅಷ್ಟೇ. ಹೊಸದಾಗಿ ಕೊಂಡು, ಪೆಟ್ಟಿಗೆಯ ಸಮೇತ ಜೋಪಾನ ಮಾಡಿ ಮಾರುವವರಿಗೆ ಆ ಹೆಚ್ಚಿನ ಹಣ ಹೋಗುವುದಿಲ್ಲ, ಅಡವಿಟ್ಟಂತೆ ಇರುತ್ತದೆ ಎಂಬ ಈ ಮಾತನ್ನು ನನ್ನ ವಾದಕ್ಕೆ ವಿರುದ್ಧವಾದರೂ ಹೇಳಲೇಬೇಕು. ನೆಲದ ಮೇಲೆ ಮಲಗಿಸಿ, ಮಳೆಗೂ ಧೂಳಿಗೂ ಒಡ್ಡಿ ಸವೆಸುವ ನನ್ನಂಥವರಿಗೆ ಆ ಹಣ ಮರಳುವುದಿಲ್ಲ.

ಇತರ ಕ್ಯಾಮೆರಾಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 2012ರ ಸೋನಿ ಆರ್‌ಎಕ್ಸ್100 ಮೇಲೂ ಝೈಸ್ ಎಂಬ ದೊಡ್ಡ ಹೆಸರಿದೆ, ಅಂಗಿಯ ಜೇಬಿಗೆ ಅದೇ ಒಳ್ಳೆಯದು, ಆದರೆ ಜೂಮ್ ಪೂರ್ತಿ ಎಳೆದಾಗ ಎಫ್ 4.9ಕ್ಕೆ ಇಳಿಯುವ ಲೆನ್ಸು ನವರಂಗದ ಕತ್ತಲೆಗೆ ಸಾಲದು. 2015ರ ಲೈಕಾ ಕ್ಯೂ ಒಂದು ದಿನ ಕೈಯಲ್ಲಿತ್ತು. ಫುಲ್ ಫ್ರೇಮ್ ಸೆನ್ಸರ್, 28 ಮಿ.ಮೀ. ಎಫ್ 1.7 ಗಾಜು, ಅಗ್ಗದ ಅವಳಿ ಇಲ್ಲದ ಕ್ಯಾಮೆರಾ ಅದು, ಅಲ್ಲಿ ಹೆಚ್ಚು ಹಣಕ್ಕೆ ನಿಜವಾಗಿಯೂ ಬೇರೆ ವಸ್ತು ಸಿಗುತ್ತದೆ. 2024ರಲ್ಲಿ ಡಿ-ಲಕ್ಸ್ 8 ಬಂದಾಗಲೂ ಪ್ಯಾನಸೋನಿಕ್‌ನಲ್ಲಿ ಅದಕ್ಕೆ ಜೋಡಿ ಬರಲಿಲ್ಲ, ಆದ್ದರಿಂದ ನನ್ನ ದಾರಿ ಹಿಡಿಯುವವರು ಎಲ್‌ಎಕ್ಸ್100 ಅಥವಾ 2018ರ ಅದರ ಎರಡನೆಯ ಆವೃತ್ತಿಯನ್ನು ಬಳಸಿದವರಿಂದಲೇ ಹುಡುಕಬೇಕು. ಕೊಳ್ಳುವ ಮೊದಲು ಎಫ್ 11ರಲ್ಲಿ ಬಿಳಿ ಗೋಡೆಯ ಒಂದು ಚಿತ್ರ ತೆಗೆದು ನೋಡಲಿ.

ಅರಳಗುಪ್ಪೆಯ ಕಲ್ಲೇಶ್ವರ ಗುಡಿಯ ಮಾಡಿನಲ್ಲಿ ನಡುವೆ ನರ್ತಿಸುವ ಶಿವ, ಸುತ್ತಲೂ ದಿಕ್ಪಾಲಕರು ಇದ್ದಾರೆ. ಅದು ಹೊಯ್ಸಳರಿಗಿಂತ ಹಳೆಯ ಕೆಲಸ. ಮೂರು ಸಲ ಹೋದರೂ ಮೂಲೆಗಳ ನೆರಳು ನನಗಿನ್ನೂ ಒಲಿದಿಲ್ಲ. ಈ ಸಲ ಡಿ-ಲಕ್ಸ್ ಮಾರಿದ ಗೆಳೆಯನೂ ಜೊತೆಗೆ ಬರುತ್ತಿದ್ದಾನೆ, ಅವನಿಗೂ ಒಂದು ರಾಗಿ ಚೀಲ ಹೊಲಿದು ಇಟ್ಟಿದ್ದೇನೆ.