30 ಮೀಟರ್ ನಡೆಯಲು ಯಾವ ಹಾಡು? ಇಜ್ಮಿರ್‌ನಲ್ಲಿ ನಮ್ಮ ಮದುವೆ

ಮದುವೆಗೆ ಇನ್ನು ಆರು ವಾರ ಇತ್ತು. ಇಜ್ಮಿರ್ ಹತ್ತಿರದ ಉರ್ಲಾದಲ್ಲಿ ನಾವು ಗೊತ್ತು ಮಾಡಿದ್ದ ತೋಟದಲ್ಲಿ, ಮಟಮಟ ಮಧ್ಯಾಹ್ನ, ನಾನು ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಹುಲ್ಲಿನ ಮೇಲೆ ನಡೆಯುತ್ತಿದ್ದೆ. ಪಕ್ಕದಲ್ಲಿ ನನ್ನ ಹುಡುಗಿ, ಮದುವೆ ಗೌನ್ ಬದಲು ಜೀನ್ಸ್ ಮೇಲೆ ಅವರಮ್ಮನ ಬೆಡ್‌ಶೀಟ್ ಸುತ್ತಿಕೊಂಡು, ಹೈ ಹೀಲ್ಸ್ ಹಾಕಿಕೊಂಡು. ತೋಟದ ಕೆಲಸದವರು ನೀರು ಬಿಡುವುದನ್ನು ನಿಲ್ಲಿಸಿ ನಗುತ್ತಾ ನಿಂತಿದ್ದರು. ನಗಲಿ ಬಿಡಿ. ಹೂವಿನ ಕಮಾನಿನಿಂದ ಕುಣಿಯುವ ಜಾಗದವರೆಗೆ 30 ಮೀಟರ್. ಸುಮ್ನೆ ನಡೆದರೆ 25 ಸೆಕೆಂಡ್. ಬೆಡ್‌ಶೀಟ್, ಹೀಲ್ಸ್ ಸಮೇತ 45. ಈ ಎರಡು ಲೆಕ್ಕ ಸಿಕ್ಕ ದಿನವೇ, ಮದುವೆಯ ಸಂಜೆ ನಾವಿಬ್ಬರೂ ನಡೆದು ಬರುವಾಗ ಹಾಕಿಸಲು ಪಟ್ಟಿ ಮಾಡಿದ್ದ 14 ಹಾಡುಗಳಲ್ಲಿ 11 ಬಿದ್ದುಹೋದವು.

ಯಾಕೆ ಅಂದರೆ, ಆ ಹಾಡುಗಳಲ್ಲಿ ಪಲ್ಲವಿ ಏರುವ ಹೊತ್ತಿಗೆ ಒಂದು ನಿಮಿಷ ದಾಟಿರುತ್ತಿತ್ತು. ಅಷ್ಟರಲ್ಲಿ ನಾವು ಬಂದು ನಿಂತು, ಕೈ ಎಲ್ಲಿ ಇಟ್ಟುಕೊಳ್ಳಬೇಕು ಗೊತ್ತಾಗದೆ ಪೆಚ್ಚಾಗಿ ನಗುತ್ತಿರುತ್ತೇವೆ. ಎರಡು ತಿಂಗಳು ಜಗಳ ಆಡಿದ ಮೇಲೆ ಈ ಕೆಲಸ ಮಾಡಿದೆವಲ್ಲ, ಮೊದಲೇ ಮಾಡಬಾರದಿತ್ತಾ ಅನ್ನಿಸಿತು.

ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ನಾನು ಶಿವಮೊಗ್ಗದವನು, ಅವಳು ಇಜ್ಮಿರ್‌ನವಳು, ಇಬ್ಬರೂ ಕೆಲಸ ಮಾಡುವುದು ಜರ್ಮನಿಯಲ್ಲಿ. ಟರ್ಕಿಯ ಮದುವೆಯಲ್ಲಿ ಕಾನೂನಿನ ಪ್ರಕಾರ ನಡೆಯುವ ನಿಕಾಹ್‌ನ ಭಾಗ ಚಿಕ್ಕದು. ನಗರಸಭೆಯ ಅಧಿಕಾರಿ ನಿಲುವಂಗಿ ತೊಟ್ಟು ಬಂದು ಕೇಳುತ್ತಾರೆ, ನೀವು "ಎವೆತ್" (ಹೌದು) ಅಂದು ಸಹಿ ಹಾಕಿದರೆ ಮುಗಿಯಿತು. ನನಗೆ ಟರ್ಕಿಶ್ ಅರೆಬರೆ, ಹಾಗಾಗಿ ಆ ಒಂದು ಪದಕ್ಕೂ ಪಕ್ಕದಲ್ಲಿ ಪ್ರಮಾಣಿತ ಅನುವಾದಕರು ಕೂರಬೇಕಾಯಿತು! ನಾವು ಅದನ್ನು ಹಿಂದಿನ ದಿನವೇ ಮುಗಿಸಿಕೊಂಡೆವು. ದೊಡ್ಡದು ಸಂಜೆಯ ಔತಣ. ಊರೆಲ್ಲ ಬಂದು ಕೂತಿರುತ್ತೆ, ಆಮೇಲೆ ಗೆಲಿನ್ ಮತ್ತು ದಾಮಾತ್, ಅಂದರೆ ಮದುಮಗಳು ಮತ್ತು ಮದುಮಗ (ಈ ದಾಮಾತ್ ನಮ್ಮ ಹಿಂದಿ ದಾಮಾದ್‌ನ ಸಂಬಂಧಿಯೇ), ಜೊತೆಯಾಗಿ ಕೈಹಿಡಿದು ಒಳಗೆ ಬರುತ್ತಾರೆ. ಇಂಗ್ಲಿಷ್ ಸಿನಿಮಾಗಳಲ್ಲಿ ನೋಡುವ ಹಾಗೆ ಹುಡುಗ ಮುಂದೆ ಹೋಗಿ ನಿಂತು ಕಾಯುವುದು ಇಲ್ಲಿ ಸಾಮಾನ್ಯ ಅಲ್ಲ. ಬಂದವರು ಸೀದಾ ಕುಣಿಯುವ ಜಾಗಕ್ಕೆ ಹೋಗಿ ಮೊದಲ ಡ್ಯಾನ್ಸ್ ಮಾಡುತ್ತಾರೆ. ಆ ನಡಿಗೆಗೆ ಹಾಕುವ ಸಂಗೀತದ ವಿಷಯಕ್ಕೇ ನಮ್ಮ ಮನೆಗಳಲ್ಲಿ ಅಷ್ಟು ರಾಮಾಯಣ ಆಗಿದ್ದು.

ನಾನು ಮೊದಲು ಆರಿಸಿದ ಹಾಡಿನ ಕಥೆ ಕೇಳಿ. ಪಿಟೀಲಿನಿಂದ ಶುರುವಾಗುವ ನಿಧಾನದ ಟರ್ಕಿಶ್ ಹಾಡು, ಎದೆ ಕರಗುವಂಥದ್ದು. ಎರಡು ವಾರ ಕಾರಿನಲ್ಲಿ ಅದೇ ಹಾಕಿ ಗುನುಗುತ್ತಿದ್ದೆ. ಒಂದು ದಿನ ಅವಳ ಚಿಕ್ಕಮ್ಮನ ಮಗಳು ಹಿಂದಿನ ಸೀಟಿನಲ್ಲಿ ಕೂತಿದ್ದವಳು ಮುಂದಕ್ಕೆ ಬಾಗಿ, "ಎನಿಷ್ಟೆ, ಇದರಲ್ಲಿ ಹುಡುಗಿ ಸತ್ತುಹೋಗಿದ್ದಾಳೆ, ಗೊತ್ತಲ್ವಾ?" ಅಂದಳು. ಎನಿಷ್ಟೆ ಅಂದರೆ ಭಾವ. ನಾನು ನನ್ನ ಹುಡುಗಿಯ ಮುಖ ನೋಡಿದೆ. "ನೀನು ಅಷ್ಟು ಖುಷಿಯಾಗಿ ಹಾಡ್ತಿದ್ದೆ, ಹೇಗೆ ಹೇಳಲಿ?" ಅಂದಳು.

ಆಮೇಲೆ ತಿಳಿದದ್ದು, ಅಲ್ಲಿನ ಜನಪದ ಹಾಡುಗಳಲ್ಲಿ ಕೇಳಲು ಚುರುಕಾಗಿರುವುದೂ ಎಷ್ಟೋ ಸಲ ಯಾರದೋ ಸಾವಿನ ಮೇಲೆ ಕಟ್ಟಿದ ಶೋಕಗೀತೆಯೇ ಆಗಿರುತ್ತದೆ. ಮದುವೆಯ ಮುಂಚಿನ ಮೆಹಂದಿ ರಾತ್ರಿ, ಅವರು ಕನಾ ಗೆಜೆಸಿ ಅನ್ನುವುದು, ಅಲ್ಲಿ ಅಳಿಸುವ ಹಾಡು ಬೇಕೇ ಬೇಕು. ಹೆಣ್ಣನ್ನು ದೂರದ ಊರಿಗೆ ಕೊಡಬೇಡಿ ಅನ್ನುವ ಹಾಡನ್ನು ಹಾಡಿ, ಕೆಂಪು ಮುಸುಕು ಹಾಕಿದ ಹುಡುಗಿಯನ್ನು ಸುತ್ತಿ ಅಳಿಸುತ್ತಾರೆ. ಶಿವಮೊಗ್ಗದವನಿಗೆ ಕೊಡುವಾಗ ಆ ಹಾಡು ಹಾಡಿದರೆ ನಮ್ಮ ಅತ್ತೆಗೆ ಹೇಗಾಗಿರಬೇಡ! ಅದು ಆ ರಾತ್ರಿಗೆ ಸರಿ. ಮಾರನೇ ದಿನದ ನಡಿಗೆಗೆ ಅಲ್ಲ. ಭಾಷೆ ಪೂರ್ತಿ ಬಾರದವರು ಇದ್ದರೆ ಹೇಳುತ್ತೇನೆ, ಎರಡನೇ ಚರಣ ಓದಿಸಿಕೊಳ್ಳದೆ ಹಾಡು ಒಪ್ಪಬೇಡಿ. ಮೊದಲ ಚರಣದಲ್ಲಿ ಪ್ರೀತಿ ಇರುತ್ತೆ, ಬಿಟ್ಟುಹೋಗುವುದು ಎರಡನೆಯದರಲ್ಲಿ. ಇದು ನಮಗೂ ಅನ್ವಯಿಸುತ್ತೆ. ಸೇಡು ತೀರಿಸಿಕೊಳ್ಳಲು ನಾನೊಂದು ಕನ್ನಡ ಭಾವಗೀತೆ ಸೂಚಿಸಿದೆ, ಫೋನಿನಲ್ಲಿ ಅಮ್ಮ, "ಅಯ್ಯೋ ಅದು ಬಿಟ್ಟು ಹೋದವಳನ್ನ ನೆನೆಸ್ಕೊಂಡು ಹಾಡೋದು ಕಣೋ, ಬೇಡಪ್ಪ" ಅಂದುಬಿಟ್ಟರು.

ತೋಟದವರು ಕೊಟ್ಟ ಡಿಜೆ ಹತ್ತಿರ ರೆಡಿ ಪಟ್ಟಿ ಇತ್ತು. ಅರ್ಧ ಪಾಲು ಸಿನಿಮಾ, ಸೀರಿಯಲ್ಲಿನ ಯುದ್ಧದ ಸಂಗೀತ. ಧಂ ಧಂ ಅಂತ ಡ್ರಮ್, ಮೇಲೆ ಕೋರಸ್, ಕಾಲಡಿಯಲ್ಲಿ ಹೊಗೆ, ಎರಡೂ ಕಡೆ ಬೆಂಕಿ ಕಿಡಿಯ ಕಾರಂಜಿ. ಜನಕ್ಕೆ ಇಷ್ಟ ಆಗುತ್ತೆ, ನಾನು ಹೀಗಳೆಯುವುದಿಲ್ಲ. ಅವಳ ಸೋದರಮಾವ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಳೆಯ ಒಟ್ಟೋಮನ್ ಸೈನ್ಯದ ಮೆಹ್ತೆರ್ ವಾದ್ಯಮೇಳ ಹಾಕಿಸೋಣ ಅಂದರು. 1683ರಲ್ಲಿ ವಿಯೆನ್ನಾಗೆ ಮುತ್ತಿಗೆ ಹಾಕಲು ಹೊರಟವರ ಹಾಗೆ ನಾನು ಮಂಟಪಕ್ಕೆ ಬರಬೇಕಾ? ನಯವಾಗಿ ಜಾರಿಕೊಂಡೆ.

ನಿಜವಾದ ಕಷ್ಟ ಇದ್ದದ್ದು ಮಾವ ಅತ್ತೆಯ ನಡುವೆ. ಮಾವ ಕಪ್ಪುಸಮುದ್ರದ ರಿಜೆ ಕಡೆಯವರು, ಅವರಿಗೆ ಹೊರೊನ್ ಬೇಕು. ಕೆಮೆಂಚೆ ಅನ್ನುವ ಮೂರು ತಂತಿಯ ಪುಟ್ಟ ಪಿಟೀಲು, ಸಾಲಾಗಿ ಕೈಹಿಡಿದು ಭುಜ ಅದುರಿಸುತ್ತಾ ಕುಣಿಯುವುದು. ಅತ್ತೆ ಐದಿನ್‌ನವರು, ಏಜಿಯನ್ ಕಡೆ. ಅವರ ಕಡೆಯದು ಜೇಬೆಕ್, ಹದ್ದಿನ ಹಾಗೆ ಕೈ ಚಾಚಿ ನಿಧಾನವಾಗಿ ತಿರುಗಿ ಮಂಡಿಯೂರುವ ಕುಣಿತ. ಒಬ್ಬರದು ಹಾಕಿದರೆ ಇನ್ನೊಬ್ಬರ ಊರು ಸೋತ ಹಾಗೆ.

ಇಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಚಿಕ್ಕವನಿದ್ದಾಗ ನಾಲ್ಕು ವರ್ಷ ಕಲಿತು ಬಿಟ್ಟ ಮೃದಂಗ. ಎರಡೂ ಕೇಳಿಸಿಕೊಂಡು ತೊಡೆ ಮೇಲೆ ತಟ್ಟಿ ನೋಡಿದೆ. ಹೊರೊನ್ 7ರ ಲೆಕ್ಕ, ತಕ ತಕ ತಕಿಟ, ಆದರೆ ರೈಲು ಓಡಿದ ಹಾಗೆ. ಆ ವೇಗಕ್ಕೆ ಗೌನ್ ಎತ್ತಿ ಹಿಡಿದು ಓಡಬೇಕಷ್ಟೆ. ಜೇಬೆಕ್ 9ರ ಲೆಕ್ಕ, ನಮಗೆ ಸಿಕ್ಕ ರಾಗದಲ್ಲಿ ತಕ ತಕ ತಕ ತಕಿಟ. ಇಂಥ ತಾಳಕ್ಕೆ ಅವರಲ್ಲಿ ಅಕ್ಸಾಕ್ ಅನ್ನುತ್ತಾರೆ, ಅಂದರೆ ಕುಂಟುವುದು. ಒಂದೊಂದು ಎಣಿಕೆಗೂ ಹೆಜ್ಜೆ ಇಟ್ಟರೆ ನಿಜವಾಗಿಯೂ ಕುಂಟುತ್ತೀರಿ, ಯಾಕಂದರೆ 9 ಬೆಸ, ಇರುವುದು ಎರಡು ಕಾಲು, ಪ್ರತಿ ಆವರ್ತಕ್ಕೂ ಮೊದಲ ಪೆಟ್ಟು ಬೇರೆ ಕಾಲಿಗೆ ಬೀಳುತ್ತೆ. ಒಂದೊಂದು ತಕಕ್ಕೆ ಒಂದು, ಕೊನೆಯ ತಕಿಟಕ್ಕೆ ಒಂದು ಹೆಜ್ಜೆ ಇಟ್ಟರೆ? ಮೂರು ಸಮ ಹೆಜ್ಜೆ, ನಾಲ್ಕನೆಯದು ಚೂರು ಉದ್ದ. ಆ ನಾಲ್ಕನೆಯದರಲ್ಲಿ ಕಾಲು ಗಾಳಿಯಲ್ಲಿ ಒಂದು ಕ್ಷಣ ನಿಂತು ಇಳಿಯುತ್ತೆ. ಅಡುಗೆಮನೆಯಲ್ಲಿ ಇಬ್ಬರೂ ಚಪ್ಪಲಿ ಹಾಕಿಕೊಂಡು ನಡೆದು ನೋಡಿದೆವು. ಗಂಭೀರವಾಗಿ ಕಾಣುತ್ತಿತ್ತು. ಒಂದು ಆವರ್ತಕ್ಕೆ 7 ಸೆಕೆಂಡ್, ಅಷ್ಟರಲ್ಲಿ 1.8 ಮೀಟರ್ ದಾಟುತ್ತೇವೆ. 30 ಮೀಟರ್‌ಗೆ 17 ಆವರ್ತ, ಸರಿಸುಮಾರು ಎರಡು ನಿಮಿಷ. ಫೋಟೋದವರಿಗೂ ಸಾಕಷ್ಟು ಸಮಯ. ಮಾವನಿಗೆ ಲೆಕ್ಕ ತೋರಿಸಿದೆ. ಎಂಜಿನಿಯರ್ ಅವರು, ಲೆಕ್ಕಕ್ಕೆ ಬಗ್ಗಿದರು. ಆದರೆ ಕೇಕ್ ಕತ್ತರಿಸಿದ ತಕ್ಷಣ ಹೊರೊನ್ ಅಂತ ಬರೆಸಿಕೊಂಡೇ ಬಿಟ್ಟರು.

ಇನ್ನು ರೆಕಾರ್ಡಿಂಗ್ ಹುಡುಕುವುದು ಅಂದುಕೊಂಡಿದ್ದೆ. ಆಗ ಅಪ್ಪ ವಿಡಿಯೋ ಕಾಲ್‌ನಲ್ಲಿ ಒಂದು ಮಾತು ಕೇಳಿದರು. ಅವಳ ಕಡೆಯವರ ಹಳೆಯ ಮದುವೆ ವಿಡಿಯೋ ತೋರಿಸುತ್ತಿದ್ದೆ. ಹುಡುಗಿ ಮನೆ ಬಾಗಿಲಲ್ಲಿ ದಾವುಲ್ ಮತ್ತು ಜುರ್ನಾ ಬಾರಿಸುತ್ತಿದ್ದರು. "ಇದು ನಮ್ಮ ಓಲಗಾನೇ ಅಲ್ವೇನೋ" ಅಂದರು ಅಪ್ಪ. ಹೌದಲ್ಲ! ಜುರ್ನಾ ನಮ್ಮ ಶಹನಾಯಿ, ನಾಗಸ್ವರದ ಹಾಗೆ ಜೋಡಿ ಪೀಪಿಯ ವಾದ್ಯ. ದಾವುಲ್ ಅಂದರೆ ಡೊಳ್ಳಿನ ಹಾಗೆ ಎರಡು ಮುಖದ ದೊಡ್ಡ ವಾದ್ಯ. ಆಮೇಲೆ ಅಪ್ಪ, "ಗಟ್ಟಿಮೇಳ ಹೊಡೆಯೋವಾಗ ಓಲಗದವರ ಕಣ್ಣು ಪುರೋಹಿತರ ಕೈ ಮೇಲಿರುತ್ತೆ. ನಿನ್ನ ಡಿಜೆ ಕಣ್ಣು ಎಲ್ಲಿರುತ್ತಪ್ಪ?" ಅಂದರು. ಲ್ಯಾಪ್‌ಟಾಪ್ ಮೇಲೆ, ಇನ್ನೆಲ್ಲಿ.

ಅಲ್ಲಿಗೆ ತೀರ್ಮಾನ ಆಯಿತು, ರೆಕಾರ್ಡಿಂಗ್ ಬೇಡ, ಎದುರಿಗೇ ನುಡಿಸುವವರು ಬೇಕು. ದಾವುಲ್‌ನವರ ಮನೆಗೆ ಹೋದೆವು. ಅರವತ್ತು ದಾಟಿದವರು, ಎಲ್ಲರೂ ಉಸ್ತಾ, ಅಂದರೆ ಪಳಗಿದ ಗುರು, ಅನ್ನುತ್ತಾರೆ, ನಾವೂ ಹಾಗೇ ಕರೆದೆವು. ಸೊಂಟ ಸಣ್ಣಗಿರುವ ಗಾಜಿನ ಲೋಟದಲ್ಲಿ ಚಹಾ ಬಂತು. ಬಲಗೈಯಲ್ಲಿ ದಪ್ಪ ಕೋಲು, ಅದರ ಪೆಟ್ಟು ಹೊಟ್ಟೆಯಲ್ಲಿ ಕೇಳಿಸುತ್ತೆ. ಎಡಗೈಯಲ್ಲಿ ಬೆತ್ತದಂಥ ತೆಳು ಕಡ್ಡಿ, ಅದು ಇನ್ನೊಂದು ಚರ್ಮದ ಮೇಲೆ ಚಟಪಟ ಅನ್ನುತ್ತೆ. ನಾನು ತಕ ತಕ ತಕ ತಕಿಟ ಅಂದೆ. ಅವರು ತಲೆ ಓರೆ ಮಾಡಿ ಇನ್ನೊಂದು ಸಲ ಹೇಳಿಸಿದರು. ಆಮೇಲೆ ಅವರ ಲೆಕ್ಕ ಶುರು ಮಾಡಿದರು, ದ್ಯುಮ್, ತೆಕ್, ದ್ಯುಮ್, ತೆಕ್ ಅಂತ, ಬಾಯಲ್ಲೇ. ಅವರಲ್ಲೂ ತಾಳ ಕಲಿಸುವುದು ಬಾಯಿಂದಲೇ ಅಂತ ನನಗೆ ಆವತ್ತೇ ಗೊತ್ತಾದದ್ದು. ಹತ್ತು ನಿಮಿಷ ಇಬ್ಬರೂ ಅವರವರ ಭಾಷೆಯಲ್ಲಿ ಒಂದೇ ತಾಳ ಹೇಳುತ್ತಾ ಕೂತಿದ್ದೆವು, ಅವಳು ಅನುವಾದ ಮಾಡುವುದನ್ನು ಬಿಟ್ಟು ಬಿಸ್ಕತ್ತು ತಿನ್ನುತ್ತಿದ್ದಳು. ಜುರ್ನಾದವರು ಇಬ್ಬರು ಬೇಕು ಅಂದರು ಉಸ್ತಾ. ಒಬ್ಬ ರಾಗ ನುಡಿಸಿದರೆ ಇನ್ನೊಬ್ಬ ಒಂದೇ ಸ್ವರ ಹಿಡಿದು ನಿಲ್ಲುತ್ತಾನೆ. ನಮ್ಮ ಶ್ರುತಿಯವನೇ!

ಡಿಜೆಗೆ ಚೀಟಿ ಬರೆದುಕೊಟ್ಟೆವು. ಮಾವ ಕರವಸ್ತ್ರ ಎತ್ತಿದಾಗ ನಿಮ್ಮ ಸ್ಪೀಕರ್ ಪೂರ್ತಿ ಬಂದ್, ಜುರ್ನಾ ಶುರು, ನಾವು ನಡುಮಧ್ಯ ಬಂದು ನಿಂತ ಮೇಲೆ ಮೊದಲ ಡ್ಯಾನ್ಸಿನ ಹಾಡು. ಆ ಹಾಡನ್ನು ಪೆನ್‌ಡ್ರೈವ್‌ನಲ್ಲೂ ಮೊಬೈಲಿನಲ್ಲೂ ಇಟ್ಟಿದ್ದೆ. ತೋಟದಲ್ಲಿ ನೆಟ್‌ವರ್ಕ್ ನಂಬುವ ಹಾಗಿರಲಿಲ್ಲ. ಜುರ್ನಾಗೆ ಮೈಕ್ ಬೇಡ ಅಂತಲೂ ಬರೆದೆ. ಅದಕ್ಕೆ ಮೈಕ್ ಇಟ್ಟರೆ ಮುಂದಿನ ಟೇಬಲ್‌ನವರ ಕಿವಿ ಉಳಿಯುವುದಿಲ್ಲ. ಅಲ್ಲದೆ 34 ಮೀಟರ್ ದೂರದ ಸ್ಪೀಕರಿನ ಸದ್ದು ಸೆಕೆಂಡಿನ ಹತ್ತರಲ್ಲಿ ಒಂದು ಭಾಗ ತಡವಾಗಿ ಬರುತ್ತೆ. ತಾಳಕ್ಕೆ ಹೆಜ್ಜೆ ಇಡುವವರಿಗೆ ಅಷ್ಟು ಸಾಕು ಎಡವಲು.

ಜುಲೈ ಮೊದಲ ವಾರ, ಸೂರ್ಯ ಮುಳುಗುವುದೇ ಎಂಟೂವರೆ ದಾಟಿದ ಮೇಲೆ. ದೀಪ ಕಾಣಲಿ ಅಂತ 8:45ಕ್ಕೆ ಹೊರಟೆವು. ಮಾವ ಕರವಸ್ತ್ರ ಎತ್ತಿದರು. ಜುರ್ನಾ ಎದ್ದಿತು. ಅದೇ ಹೊತ್ತಿಗೆ ನಿರೂಪಕ ಮೈಕಿನಲ್ಲಿ ನಮ್ಮನ್ನು ಸ್ವಾಗತಿಸಿದ, ಡಿಜೆ ಅಭ್ಯಾಸಬಲದಿಂದ ಅವನ ಯುದ್ಧದ ಸಂಗೀತ ಒತ್ತಿಬಿಟ್ಟ. ಚೀಟಿ ಅವನ ಮುಂದೆಯೇ ಇತ್ತು! ಎಂಟು ಸೆಕೆಂಡ್ ಎರಡೂ ಒಟ್ಟಿಗೆ, ಸಂತೆಯಲ್ಲಿ ಎರಡು ಜಾತ್ರೆ. ಹುಡುಗಿ ಸತ್ತ ಹಾಡು ಹಿಡಿದುಕೊಟ್ಟ ಅದೇ ತಂಗಿ ಹೀಲ್ಸ್ ಕೈಯಲ್ಲಿ ಹಿಡಿದು ಓಡಿಹೋಗಿ ಬಂದ್ ಮಾಡಿಸಿದಳು. ಉಸ್ತಾ ಒಂದು ಪೆಟ್ಟೂ ತಪ್ಪಿಸಲಿಲ್ಲ.

ಒಂಬತ್ತನೇ ಆವರ್ತ ಇರಬೇಕು, ಅವಳು ಸರಕ್ಕನೆ ನಿಂತಳು. ಮುಸುಕಿನ ತುದಿ ದಾರಿ ಬದಿಯ ಲಾಟೀನಿನ ಮೊಳೆಗೆ ಸಿಕ್ಕಿಕೊಂಡಿತ್ತು. ನಾನು ಬಗ್ಗಿ ಬಿಡಿಸುತ್ತಿದ್ದೇನೆ, ಬೆವರಿನ ಕೈ, ಬಲೆಯಂಥ ಬಟ್ಟೆ, ಹರಿದರೆ ಅತ್ತೆ ಸುಮ್ಮನೆ ಬಿಡುವುದಿಲ್ಲ. ರೆಕಾರ್ಡಿಂಗ್ ಆಗಿದ್ದರೆ ಅದರ ಪಾಡಿಗೆ ಅದು ಮುಂದೆ ಹೋಗಿರುತ್ತಿತ್ತು. ಉಸ್ತಾ ಹತ್ತಿರ ಬಂದರು. ಜುರ್ನಾದವರಿಗೆ ಕಣ್ಸನ್ನೆ ಮಾಡಿದರು, ಒಬ್ಬ ಬರೀ ಶ್ರುತಿ ಹಿಡಿದ. ಉಸ್ತಾ ಒಂದು ಮಂಡಿ ನೆಲಕ್ಕೆ ಊರಿ, ತೆಳು ಕಡ್ಡಿಯಲ್ಲಿ ಮಾತ್ರ ಸಣ್ಣಗೆ ನುಡಿಸುತ್ತಾ ಕೂತರು, ನನ್ನ ಬೆರಳುಗಳನ್ನೇ ನೋಡುತ್ತಾ. ನಾಲ್ಕು ಆವರ್ತ ಆಯಿತೇನೋ. ಮುಸುಕು ಬಿಟ್ಟುಕೊಂಡಿತು. ಅವಳ ಬಲಗಾಲು ಮುಂದಕ್ಕೆ ಬಂದ ಕ್ಷಣಕ್ಕೆ ಸರಿಯಾಗಿ ದಪ್ಪ ಕೋಲಿನ ಪೆಟ್ಟು ಬಿತ್ತು. ಜನ ಚಪ್ಪಾಳೆ ಹೊಡೆದರು. ಇದನ್ನೆಲ್ಲ ನಾವು ಮೊದಲೇ ಅಭ್ಯಾಸ ಮಾಡಿದ್ದೆವು ಅಂತಲೇ ಎಷ್ಟೋ ಜನ ಇವತ್ತಿಗೂ ನಂಬಿದ್ದಾರೆ, ನಾವು ಯಾರಿಗೂ ತಿದ್ದಲು ಹೋಗಿಲ್ಲ.

ಆಮೇಲಿನದ್ದು ಎಲ್ಲ ಮದುವೆಗಳ ಹಾಗೆ. ಬಂಗಾರದ ನಾಣ್ಯ, ನೋಟು ನಮ್ಮ ಬಟ್ಟೆಗೆ ಚುಚ್ಚಲು ಸಾಲು ನಿಂತರು, ಯಾರು ಏನು ಕೊಟ್ಟರು ಅಂತ ಮೈಕಿನಲ್ಲಿ ಕೂಗಿದರು. ಅಮ್ಮನಿಗೆ ನಮ್ಮೂರ ಮುಯ್ಯಿ ನೆನಪಾಗಿ ನಗು. ಕೇಕ್ ಕತ್ತರಿಸಿದ್ದೇ ತಡ ಮಾವ ಎದ್ದು ಬಂದರು, ಅವರ ಅಣ್ಣನ ಮಗ ಕೆಮೆಂಚೆ ತೆಗೆದ.

ಅಷ್ಟರಲ್ಲಿ ಅಪ್ಪ ಉಸ್ತಾ ಹತ್ತಿರ ಹೋದರು. ಅಲ್ಲಿ ದಾವುಲ್‌ನವರಿಗೆ ನೋಟು ಕೊಡುವ ವಾಡಿಕೆ ಇದೆ, ಕೆಲವರು ವಾದ್ಯದ ಹಗ್ಗಕ್ಕೆ ಸಿಕ್ಕಿಸುತ್ತಾರೆ. ಲಿರಾ ಕೊಡು ಅಂತ ನಾನು ಅಪ್ಪನ ಜೇಬಿನಲ್ಲಿ ಹಾಕಿಟ್ಟಿದ್ದೆ. ಅದನ್ನು ಕೊಟ್ಟ ಮೇಲೆ ಅಪ್ಪ ಒಳಜೇಬಿನಿಂದ 100 ರೂಪಾಯಿ ನೋಟು ತೆಗೆದು, ಮೇಲೆ 1 ರೂಪಾಯಿ ನಾಣ್ಯ ಇಟ್ಟು, ಎರಡೂ ಕೈಯಲ್ಲಿ ಕೊಟ್ಟರು. ಓಲಗದವರಿಗೆ ಸೊನ್ನೆಯಲ್ಲಿ ಮುಗಿಯುವ ದುಡ್ಡು ಕೊಡಬಾರದು ಅನ್ನುವುದು ಅವರ ಲೆಕ್ಕ. ಉಸ್ತಾ ನಾಣ್ಯವನ್ನು ದೀಪಕ್ಕೆ ಹಿಡಿದು ತಿರುಗಿಸಿ ನೋಡಿ ಅವಳನ್ನು ಕೇಳಿದರು. ಅವಳು ವಿವರಿಸಿದಳು. ಅವರು ನೋಟನ್ನು ಲಿರಾಗಳ ಪಕ್ಕ ಹಗ್ಗಕ್ಕೆ ಸಿಕ್ಕಿಸಿದರು, ನಾಣ್ಯವನ್ನು ಮಾತ್ರ ಜಾಕೆಟ್ಟಿನ ಒಳಗೆ ಇಟ್ಟುಕೊಂಡರು. ಆಮೇಲೆ ಅಪ್ಪನ ಕಡೆ ನೋಡಿ, ಕಡ್ಡಿ ಎತ್ತಿ, ನಿಧಾನವಾಗಿ ಹೇಳಿದರು: "ತಕ ತಕ ತಕ... ತಕಿಟ?"