ಮಾಯಾಲೋಕದ ಸಂಬಳದ ಪಟ್ಟಿ

ಹಾಜರಿ ಪುಸ್ತಕ, ಸಂಬಳದ ಬಿಲ್ಲು, ಹೊರಗುತ್ತಿಗೆ ನೌಕರರ ಪಟ್ಟಿ ಇವುಗಳ ನಡುವೆಯೇ ವರ್ಷಗಟ್ಟಲೆ ಕಳೆದವನು ನಾನು. ಹಾಗಾಗಿ ಕಾದಂಬರಿಯನ್ನು ಕೈಗೆತ್ತಿಕೊಂಡಾಗಲೂ ಮನಸ್ಸು ಮೊದಲು ಹುಡುಕುವುದು ಒಂದೇ ಸಂಗತಿಯನ್ನು: ಈ ಕಥೆಯ ಲೋಕ ಯಾರ ದುಡಿಮೆಯಿಂದ ನಡೆಯುತ್ತಿದೆ, ಆ ದುಡಿಮೆಗೆ ಸಿಗುತ್ತಿರುವುದಾದರೂ ಏನು? ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆದು, ಅಡುಗೆ ಮಾಡುವವರು, ಕಸ ಗುಡಿಸುವವರು, ಅರ್ಜಿಗೆ ಮೊಹರು ಒತ್ತುವವರು, ಹೆಣ ಸಾಗಿಸುವವರು ಕಾಣಿಸಿಕೊಂಡ ಪುಟಗಳನ್ನು ಗುರುತು ಹಾಕಿಕೊಳ್ಳುತ್ತ ಹೋಗುವುದು ನನ್ನ ಕ್ರಮ. ವಾಸ್ತವವಾದಿ ಕಥನಕ್ಕೆ ಈ ಕ್ರಮ ಒಗ್ಗುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಈಚೆಗೆ ಹಲವು ದೇಶಗಳ ಫ್ಯಾಂಟಸಿಯನ್ನೂ ಸಮಕಾಲೀನ ಕಥೆಗಳನ್ನೂ ಬೆರೆಸಿ ಓದಿದ ಮೇಲೆ, ಇದು ಫ್ಯಾಂಟಸಿಗೇ ಹೆಚ್ಚು ಒಗ್ಗುತ್ತದೆ ಎಂದು ನನಗೆ ಮನವರಿಕೆಯಾಗಿದೆ. ಎಲ್ಲವನ್ನೂ ಬುಡದಿಂದ ಕಲ್ಪಿಸಿಕೊಳ್ಳುವ ಸ್ವಾತಂತ್ರ್ಯವಿದ್ದ ಲೇಖಕ ಯಾರನ್ನು ದುಡಿಮೆಗೆ ಹಚ್ಚಿದ್ದಾನೆ, ಯಾರನ್ನು ಮರೆತಿದ್ದಾನೆ ಎಂಬುದು ಅಲ್ಲಿ ಪೂರ್ತಿಯಾಗಿ ಅವನದೇ ಆಯ್ಕೆಯಾಗಿರುತ್ತದೆ.

ಈ ಪ್ರಶ್ನೆಗೆ ಅತ್ಯಂತ ಕಠೋರವಾಗಿ ಉತ್ತರಿಸಿದ ಕೃತಿ ಎನ್. ಕೆ. ಜೆಮಿಸಿನ್ ಅವರ ‘ದಿ ಫಿಫ್ತ್ ಸೀಸನ್’ (2015). ಇದು ಮೂರು ಸಂಪುಟಗಳ ಸರಣಿಯ ಮೊದಲನೆಯದು. ಮೂರಕ್ಕೂ 2016ರಿಂದ 2018ರವರೆಗೆ ಸತತವಾಗಿ, ವೈಜ್ಞಾನಿಕ ಕಥನ ಮತ್ತು ಫ್ಯಾಂಟಸಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಬಂದಿತು. ಭೂಕಂಪಗಳು ಎಡೆಬಿಡದೆ ಕಾಡುವ ಒಂದು ಖಂಡದಲ್ಲಿ ನೆಲದ ನಡುಕವನ್ನು ತಡೆಯಬಲ್ಲ, ಬೇಕಾದರೆ ಎಬ್ಬಿಸಲೂ ಬಲ್ಲ ಒರೊಜೀನ್ ಎಂಬ ಜನರಿದ್ದಾರೆ. ಅವರಿಲ್ಲದೆ ಸಾಮ್ರಾಜ್ಯದ ರಾಜಧಾನಿ ನಿಲ್ಲುವುದಿಲ್ಲ. ಆದರೂ ಅವರನ್ನು ಮನುಷ್ಯರ ಲೆಕ್ಕಕ್ಕೆ ಸೇರಿಸುವುದಿಲ್ಲ. ಇಂಥ ಮಗು ಹಳ್ಳಿಯಲ್ಲಿ ಹುಟ್ಟಿದರೆ ಊರವರೇ ಕೊಂದಾರು, ಇಲ್ಲವಾದರೆ ಪಾಲಕರೆಂಬ ಅಧಿಕಾರಿಗಳು ಬಂದು ತರಬೇತಿ ಕೇಂದ್ರಕ್ಕೆ ಒಯ್ದಾರು. ಡಮಾಯಾ ಎಂಬ ಪುಟ್ಟ ಹುಡುಗಿಯನ್ನು ಕುದುರೆಯ ಮೇಲೆ ಕೂರಿಸಿಕೊಂಡು ಹೋಗುವ ಪಾಲಕ, ಅವಳ ಸಂಯಮವನ್ನು ಪರೀಕ್ಷಿಸಲೆಂದು, ಪ್ರೀತಿಯ ಮಾತಾಡುತ್ತಲೇ ಅವಳ ಕೈಮೂಳೆ ಮುರಿಯುತ್ತಾನೆ. ಆ ಪುಟದಲ್ಲಿ ಅವನ ದನಿ ಒಮ್ಮೆಯೂ ಏರುವುದಿಲ್ಲ ಎಂಬುದೇ ನನ್ನನ್ನು ಹೆಚ್ಚು ಕಂಗೆಡಿಸಿತು.

ಈ ಕಾದಂಬರಿಯನ್ನು ಇನ್ನು ಮುಂದೆ ಓದಲಿರುವವರು ಈ ಪ್ಯಾರಾವನ್ನು ಬಿಟ್ಟು ಮುಂದೆ ಹೋಗುವುದು ಒಳ್ಳೆಯದು. ರಾಜಮಾರ್ಗಗಳ ಉದ್ದಕ್ಕೂ ಅಲ್ಲಲ್ಲಿ ಠಾಣೆಗಳಿದ್ದು, ಪ್ರತಿಯೊಂದರಲ್ಲೂ ಒಬ್ಬ ಒರೊಜೀನ್ ಕುಳಿತು ಸುತ್ತಲಿನ ಸಣ್ಣಪುಟ್ಟ ಕಂಪನಗಳನ್ನು ಶಮನಗೊಳಿಸುತ್ತಿರುತ್ತಾನೆ ಎಂದು ಮೊದಲೇ ತಿಳಿಸಲಾಗಿರುತ್ತದೆ. ಓದುಗ ಅದನ್ನು ದೂರದ ಊರಿಗೆ ವರ್ಗವಾದ ಬೇಸರದ ನೌಕರಿ ಎಂದುಕೊಂಡು ಸುಮ್ಮನಾಗುತ್ತಾನೆ. ಮುಂದೆ ಸಯನೈಟ್ ಮತ್ತು ಅಲಬಾಸ್ಟರ್ ಎಂಬ ಇಬ್ಬರು ಒರೊಜೀನರು ಅಂಥದೊಂದು ಠಾಣೆಯ ಒಳಗೆ ಹೋದಾಗ ಅಲ್ಲಿ ಕಾಣುವುದು ತಂತಿಯ ಕುರ್ಚಿಗೆ ಬಿಗಿದ, ಮೈಗೆ ನಳಿಕೆಗಳನ್ನು ತೂರಿಸಿದ, ಒಂದೇ ಕಡೆ ಕೂತು ಮೈ ಹುಣ್ಣಾದ ಒಂದು ಮಗುವಿನ ಹೆಣ. ಸ್ವಂತ ಇಚ್ಛೆಯ ಶಕ್ತಿಯನ್ನು ಮಿದುಳಿನಿಂದಲೇ ಕತ್ತರಿಸಿ, ಕಂಪನ ತಡೆಯುವ ಸಹಜ ಪ್ರವೃತ್ತಿಯೊಂದನ್ನೇ ಉಳಿಸಿಕೊಂಡಿರುತ್ತಾರೆ. ನೆಮ್ಮದಿಯ ಊರುಗಳ ಕೆಳಗಿನ ನೆಲ ಅಲುಗದಿರುವುದು ಇವರಿಂದ ಎಂದು ತಿಳಿದ ಮೇಲೆ, ಹಿಂದಿನ ಅಧ್ಯಾಯಗಳ ಪ್ರತಿಯೊಂದು ಶಾಂತ ರಾತ್ರಿಯನ್ನೂ ನಾನು ತಿರುಗಿ ಓದಬೇಕಾಯಿತು. ಮೊದಲ ಅರವತ್ತು ಎಪ್ಪತ್ತು ಪುಟಗಳ ಅಪರಿಚಿತ ಹೆಸರುಗಳಿಗೆ ಹೆದರಿ ಅನೇಕರು ಈ ಪುಸ್ತಕವನ್ನು ಕೆಳಗಿಡುತ್ತಾರೆ. ಕೊನೆಯಲ್ಲಿರುವ ಪದಕೋಶವನ್ನು ಮುಟ್ಟದೆ, ಅರ್ಥವಾಗದ್ದನ್ನು ಅರ್ಥವಾಗದಂತೆಯೇ ಬಿಟ್ಟು ಮುಂದುವರಿಯುವುದೇ ಸರಿಯಾದ ದಾರಿ ಎಂಬುದು ನನ್ನ ಅನುಭವ.

ನಮ್ಮ ನೆರೆಯ ಶ್ರೀಲಂಕಾದಿಂದ ಬಂದ ಎರಡು ಕಾದಂಬರಿಗಳನ್ನು ನಾನು ಒಂದರ ಬೆನ್ನಿಗೆ ಇನ್ನೊಂದನ್ನು ಓದಿದೆ. ಶೆಹಾನ್ ಕರುಣತಿಲಕ ಅವರ ‘ದಿ ಸೆವೆನ್ ಮೂನ್ಸ್ ಆಫ್ ಮಾಲಿ ಅಲ್ಮೇಡಾ’ 2022ರ ಬೂಕರ್ ಪಡೆದದ್ದು. ಯುದ್ಧದ ಛಾಯಾಗ್ರಾಹಕನಾದ ಮಾಲಿ ಸತ್ತು ಕಣ್ಣು ಬಿಟ್ಟಾಗ ಕಾಣುವುದು ಸ್ವರ್ಗವೂ ಅಲ್ಲ, ನರಕವೂ ಅಲ್ಲ. ಸಾಲು ಮುರಿದು ನುಗ್ಗುವ ಜನರಿಂದ ಗಿಜಿಗುಡುವ, ಕೌಂಟರಿನ ಹಿಂದೆ ಗುಮಾಸ್ತರು ಗೊಣಗುವ ಒಂದು ಸರ್ಕಾರಿ ಕಚೇರಿ. ನನ್ನಂಥವನಿಗೆ ಅದು ಬಹಳ ಪರಿಚಿತ ಪರಲೋಕ. ಆದರೆ ನನ್ನ ಪೆನ್ಸಿಲ್ ಗುರುತುಗಳು ಹೆಚ್ಚಾಗಿ ಬಿದ್ದದ್ದು ಬಾಲಾಲ್, ಕೊಟ್ಟು ಎಂಬ ಇಬ್ಬರು ಬಂದ ಪುಟಗಳಲ್ಲಿ. ಇವರು ಕೊಲೆಯನ್ನು ನಿರ್ಧರಿಸಿದವರಲ್ಲ. ಕೊಲೆಯಾದ ದೇಹಗಳನ್ನು ಕತ್ತರಿಸಿ, ಸಾಗಿಸಿ, ಇಲ್ಲವಾಗಿಸುವ ಕೂಲಿಗಳು. ಕೆಲಸದ ನಡುವೆ ಅವರು ಸಂಬಳ, ಸಾಹೇಬರ ಕಿರಿಕಿರಿ, ವಾಹನದ ತೊಂದರೆ ಇವನ್ನೆಲ್ಲ ಮಾತಾಡಿಕೊಳ್ಳುವ ರೀತಿ ನಗು ಬರಿಸುತ್ತದೆ. ಆ ನಗು ಗಂಟಲಲ್ಲೇ ನಿಲ್ಲುತ್ತದೆ. ಪ್ರಭುತ್ವದ ಹಿಂಸೆಗೂ ಒಂದು ಸಂಬಳದ ಪಟ್ಟಿ ಇರುತ್ತದೆ ಎಂಬುದನ್ನು ಇಷ್ಟು ಸಲೀಸಾಗಿ ತೋರಿಸಿದ ಕಾದಂಬರಿಯನ್ನು ನಾನು ಬೇರೆ ಓದಿಲ್ಲ.

ವಜ್ರ ಚಂದ್ರಶೇಖರ ಅವರ ‘ದಿ ಸೇಂಟ್ ಆಫ್ ಬ್ರೈಟ್ ಡೋರ್ಸ್’ (2023) ಹ್ಯೂಗೋದಂತೆಯೇ ಈ ಬಗೆಯ ಸಾಹಿತ್ಯಕ್ಕೆ ಕೊಡುವ ನೆಬ್ಯುಲಾ ಪ್ರಶಸ್ತಿ ಪಡೆದ ಕೃತಿ. ನಾಯಕ ಫೆಟರ್ ಹುಟ್ಟಿದ ಗಳಿಗೆಯಲ್ಲೇ ಅವನ ತಾಯಿ ಅವನ ನೆರಳಿಗೆ ಹಿತ್ತಾಳೆಯ ದೊಡ್ಡ ಮೊಳೆ ಹೊಡೆದು ಅದನ್ನು ಅವನಿಂದ ಹರಿದುಹಾಕುತ್ತಾಳೆ. ಪಂಥವೊಂದರ ಗುರುವಾಗಿ ಪೂಜೆಗೊಳ್ಳುತ್ತಿರುವ ತಂದೆಯನ್ನು ಕೊಲ್ಲಲೆಂದೇ ಮಗನನ್ನು ಬೆಳೆಸುತ್ತಾಳೆ. ಬುದ್ಧನ ಮಗ ರಾಹುಲನ ಕಥೆ ಬಲ್ಲ ನಮಗೆ ಇದು ಎಲ್ಲಿಂದ ಹೊರಟಿದೆ ಎಂದು ಹೇಳಬೇಕಾಗಿಲ್ಲ. ಆದರೆ ಫೆಟರ್ ನೆಲೆಸುವ ಮಹಾನಗರದಲ್ಲಿ ನಿಜವಾಗಿ ಭಯ ಹುಟ್ಟಿಸುವುದು ತೆರೆಯಲಾಗದ ಮಾಯಾ ಬಾಗಿಲುಗಳಲ್ಲ, ಜನರನ್ನು ಜನಾಂಗ ಮತ್ತು ಜಾತಿಗಳಾಗಿ ವಿಂಗಡಿಸುವ ಕಾಗದಪತ್ರಗಳು. ನಡುಭಾಗದಲ್ಲಿ ಕಥೆ ಸ್ವಲ್ಪ ಹರಡಿಕೊಂಡು ಸಡಿಲವಾಗುತ್ತದೆ ಎಂಬ ದೂರು ನನ್ನದೂ ಇದೆ.

ಸುಸಾನಾ ಕ್ಲಾರ್ಕ್ ಅವರ ‘ಪಿರನೇಸಿ’ (2020) ಇದಕ್ಕೆ ತೀರ ವ್ಯತಿರಿಕ್ತವಾದ ಕೃತಿ: ಶಿಲಾಮೂರ್ತಿಗಳೂ ಸಮುದ್ರದ ಉಬ್ಬರಗಳೂ ತುಂಬಿದ ಕೊನೆಯಿಲ್ಲದ ಮನೆ, ಅಲ್ಲಿ ಪಿರನೇಸಿ ಎಂಬ ಒಬ್ಬನೇ ಮನುಷ್ಯ. ಇಲ್ಲಿ ನನ್ನ ಪ್ರಶ್ನೆಗೆ ಜಾಗವೇ ಇರಲಾರದು ಎಂದುಕೊಂಡು ಓದತೊಡಗಿದೆ. ಆದರೆ ಅವನು ಉಬ್ಬರಗಳ ಕೋಷ್ಟಕ ಬರೆದು, ಕೋಣೆಗಳನ್ನು ಅಳೆದು ಸಂಗ್ರಹಿಸಿದ ಜ್ಞಾನವನ್ನೆಲ್ಲ ಮಂಗಳವಾರ, ಶುಕ್ರವಾರಗಳಂದು ಬಂದು ಕೇಳಿಕೊಂಡು ಹೋಗುವ ಇನ್ನೊಬ್ಬನಿದ್ದಾನೆ. ಅದಕ್ಕೆ ಪ್ರತಿಯಾಗಿ ಆ ಇನ್ನೊಬ್ಬ ಕೊಡುವುದು ಒಂದು ಜೊತೆ ಬೂಟು, ಒಂದಷ್ಟು ವಿಟಮಿನ್ ಮಾತ್ರೆ. ಪಿರನೇಸಿ ಅದನ್ನು ಸ್ನೇಹವೆಂದು ತಿಳಿದು ಕೃತಜ್ಞನಾಗಿರುತ್ತಾನೆ.

ಎಲ್ಲರೂ ಮೆಚ್ಚಿದ ನೆಡಿ ಒಕೊರಫೋರ್ ಅವರ ‘ಬಿಂಟಿ’ (2015) ಮಾತ್ರ ನನ್ನಿಂದ ಪೂರ್ಣ ಮೆಚ್ಚುಗೆ ಪಡೆಯಲಿಲ್ಲ. ಆಫ್ರಿಕಾದ ಹಿಂಬಾ ಬುಡಕಟ್ಟಿನ ಹುಡುಗಿ ಮೈಗೆ ಕೆಮ್ಮಣ್ಣಿನ ಲೇಪ ಹಚ್ಚಿಕೊಂಡೇ ಬಾಹ್ಯಾಕಾಶದ ವಿಶ್ವವಿದ್ಯಾಲಯಕ್ಕೆ ಹೊರಡುವ ಕಲ್ಪನೆ ಸೊಗಸಾದದ್ದು. ಆದರೆ ಹಡಗಿನಲ್ಲಿದ್ದ ಅವಳ ಸಹಪಾಠಿಗಳನ್ನೆಲ್ಲ ಕೊಂದವರ ಪೈಕಿ ಒಬ್ಬನಿಗೆ, ಸಂಧಾನ ಮುಗಿಯುತ್ತಿದ್ದಂತೆ, ಅದೇ ವಿಶ್ವವಿದ್ಯಾಲಯದಲ್ಲಿ ಪ್ರವೇಶ ದೊರೆಯುತ್ತದೆ. ಆ ಹಡಗನ್ನು ತೊಳೆದವರು ಯಾರು, ಸತ್ತವರ ಮನೆಗೆ ಸುದ್ದಿ ಒಯ್ದವರು ಯಾರು? ಕಿರುಕಾದಂಬರಿಯ ಅಳತೆ ಚಿಕ್ಕದೆಂಬ ಸಮಾಧಾನ ನನಗೆ ಸಾಲಲಿಲ್ಲ.

ಇವೆಲ್ಲವನ್ನು ಓದಿ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಅನ್ನು ಮತ್ತೆ ತೆರೆದಾಗ ಅದು ಬೇರೆಯದೇ ಪುಸ್ತಕವಾಗಿ ಕಂಡಿತು. ಮಸಾಲೆ ವ್ಯಾಪಾರದಿಂದ ಇಡೀ ಮನೆಯನ್ನು ಸಾಕುವವನು ಚಿಕ್ಕಪ್ಪ. ನಿರೂಪಕ ಹೆಸರಿಗೆ ಕಂಪನಿಯ ನಿರ್ದೇಶಕ. ಕೆಲಸವಿಲ್ಲದಿದ್ದರೂ ಸಂಬಳ ಬರುತ್ತದೆ, ಅವನು ಕಾಫಿ ಹೌಸಿನಲ್ಲಿ ಕೂರುತ್ತಾನೆ. ಚಿಕ್ಕಪ್ಪನನ್ನು ಹುಡುಕಿಕೊಂಡು, ಅವನಿಗೆ ಇಷ್ಟವೆಂದು ಬೇಳೆಯ ಸಾರು ಮಾಡಿ ತಂದ ಹೆಂಗಸನ್ನು ಮನೆಯ ಹೆಂಗಸರೇ ಬಾಗಿಲಲ್ಲಿ ಬೈದು ಓಡಿಸುವ ದೃಶ್ಯವನ್ನು ನಾನು ಹಿಂದೆ ಕೌಟುಂಬಿಕ ಕ್ರೌರ್ಯವೆಂದಷ್ಟೇ ಓದಿದ್ದೆ. ದುಡಿಯುವವನೊಬ್ಬನನ್ನು ಕಾಯ್ದುಕೊಳ್ಳುವ ಕಾವಲು ಅದು ಎಂಬುದು ಈ ಸಲದ ಓದಿನಲ್ಲಿ ಹೊಳೆಯಿತು.

2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಬಾನು ಮುಷ್ತಾಕ್ ಅವರ ಕಥೆಗಳನ್ನು ಧರ್ಮ ಮತ್ತು ಹೆಣ್ಣು ಎಂಬ ಎರಡೇ ಮಾತುಗಳಲ್ಲಿ ಮುಗಿಸುವವರು ಹೆಚ್ಚಾಗಿದ್ದಾರೆ. ನನ್ನ ಪಟ್ಟಿಯಲ್ಲಿ ಅಲ್ಲಿ ಎದ್ದು ಕಾಣುವವರು ಹಿರಿಯ ಹೆಣ್ಣುಮಕ್ಕಳು. ಶಾಯಿಸ್ತಾಳ ಕಥೆಯಲ್ಲಿ ಗಂಡ ಇಫ್ತಿಕಾರ್ ಹೆಂಡತಿಗೆ ಮಹಲು ಕಟ್ಟಿಸುವ ಮಾತಾಡುತ್ತಿರುವಾಗ, ಮಗಳು ಆಸಿಫಾ ಶಾಲೆ ಬಿಟ್ಟು ತಮ್ಮತಂಗಿಯರನ್ನು ನೋಡಿಕೊಳ್ಳುತ್ತಿರುತ್ತಾಳೆ. ತಾಯಿ ಸತ್ತು, ತಂದೆ ಎಳೆಯ ಹುಡುಗಿಯನ್ನು ಮದುವೆಯಾಗಿ ತಂದ ಮೇಲೂ ಮಕ್ಕಳ ಹೊಣೆ ಆಸಿಫಾಳದೇ. ಕಥೆ ಇದನ್ನು ಒತ್ತಿ ಹೇಳುವುದಿಲ್ಲ. ಆ ಹುಡುಗಿಯ ಕಂಕುಳಲ್ಲಿ ಯಾವಾಗಲೂ ಒಂದು ಕೂಸಿರುವಂತೆ ನೋಡಿಕೊಳ್ಳುತ್ತದೆ, ಅಷ್ಟೆ.

ಫ್ಯಾಂಟಸಿಗೆ ಹೊಸಬರಾದ ಗೆಳೆಯರು ಕೇಳಿದಾಗ ನಾನು ಮೊದಲು ಕೊಡುವುದು ಮಾಲಿ ಅಲ್ಮೇಡಾನ ಕಥೆಯನ್ನು. ಅದರ ಕಚೇರಿಯೂ ಸಾಲೂ ನಮಗೆ ಗೊತ್ತಿರುವಂಥವೇ. ಅದು ರುಚಿಸಿದವರಿಗೆ ‘ಪಿರನೇಸಿ’. ಜೆಮಿಸಿನ್ ಅವರನ್ನು ಕೊಡುವಾಗ ಮೂರೂ ಸಂಪುಟಗಳನ್ನು ಒಟ್ಟಿಗೇ ಕೊಡುತ್ತೇನೆ, ಏಕೆಂದರೆ ಮೊದಲನೆಯದು ನಡುದಾರಿಯಲ್ಲಿ, ಒಂದು ಪ್ರಶ್ನೆಯೊಂದಿಗೆ ನಿಂತುಬಿಡುತ್ತದೆ.