ಮಗು ಎದುರಿಗೆ ಕೂತಾಗ ನಾನು ಕೇಳದೇ ಬಿಡುವ ಪ್ರಶ್ನೆ

ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗು ಕೌನ್ಸೆಲಿಂಗ್‌ಗೆ ಅಂತ ನನ್ನ ಹತ್ತಿರ ಬಂದಾಗ "ಏನಾಯ್ತು ಹೇಳು ಪುಟ್ಟಾ" ಅಂತ ನಾನು ಕೇಳುವುದಿಲ್ಲ. ಅಷ್ಟೊತ್ತಿಗೆ ಅದು ಅಮ್ಮನಿಗೆ, ಟೀಚರ್‌ಗೆ, ಪೊಲೀಸರಿಗೆ, ಡಾಕ್ಟರಿಗೆ ಹೇಳಿ ಹೇಳಿ ಸುಸ್ತಾಗಿರುತ್ತದೆ. ತನಿಖೆ ಪೊಲೀಸರ ಕೆಲಸ. ನಾನೂ ಕೆದಕಿ, ಉತ್ತರವನ್ನು ಬಾಯಿಗೆ ಹಾಕುವ ಹಾಗೆ "ಅಂಕಲ್ ಮುಟ್ಟಿದ್ರಾ?" ಅಂದರೆ ಮಗುವಿಗೂ ನೋವು, ನಾಳೆ ಕೋರ್ಟಿನಲ್ಲಿ "ಕೌನ್ಸೆಲರ್ ಹೇಳಿಕೊಟ್ಟಿದ್ದು" ಅನ್ನುವ ವಾದಕ್ಕೂ ದಾರಿ.

ಮೊದಲ ಸಲ ನನ್ನ ಹತ್ತಿರವೇ ಬಾಯಿಬಿಡುವ ಮಕ್ಕಳೂ ಇದ್ದಾರೆ. "ಯಾರಿಗೂ ಹೇಳಲ್ಲ ಅಲ್ವಾ ಮಿಸ್?" ಅನ್ನುತ್ತಾರೆ. ಆ ಮಾತು ಕೊಡೋಕಾಗಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. "ನಿನ್ನನ್ನ ಕಾಪಾಡೋಕೆ ಕೆಲವರಿಗೆ ಹೇಳಬೇಕಾಗುತ್ತೆ, ಯಾರಿಗೆ ಅನ್ನೋದನ್ನ ನಿನಗೆ ಮೊದಲೇ ಹೇಳ್ತೀನಿ" ಅನ್ನುತ್ತೇನೆ. ಮಗು ಆಡಿದ ಮಾತನ್ನು ಅದರದೇ ಪದಗಳಲ್ಲಿ ಬರೆದಿಡುತ್ತೇನೆ, ತಿದ್ದುವುದಿಲ್ಲ.

ಆಮೇಲೆ ಆಟ. ಎಲ್ಲಿ ಕೂರಬೇಕು, ಬಾಗಿಲು ತೆರೆದಿರಬೇಕಾ, ಇವತ್ತು ಮಾತು ಬೇಕಾ ಬೇಡ್ವಾ, ಎಲ್ಲ ಅವರದೇ ತೀರ್ಮಾನ. ಚೌಕಾಬಾರ ಆಡುತ್ತಾ ಕವಡೆ ಹಾಕುವಾಗ ತಲೆಯೆತ್ತದೇ ಒಂದು ಮಾತು ಹೊರಬರುತ್ತದೆ, ಕಣ್ಣಲ್ಲಿ ಕಣ್ಣಿಟ್ಟು ಕೂತರೆ ಅದು ಬರುವುದೇ ಇಲ್ಲ. "ಹೇಳಿದ್ದು ಒಳ್ಳೇದಾಯ್ತು, ಇದರಲ್ಲಿ ನಿನ್ನ ತಪ್ಪಿಲ್ಲ" ಅಂತ ಮತ್ತೆ ಮತ್ತೆ ಹೇಳುತ್ತೇನೆ. ಒಂದೇ ಸಲಕ್ಕೆ ನಂಬುವುದಿಲ್ಲ, ಪಾಪ.

ನಿಜ ಹೇಳಬೇಕೆಂದರೆ ಜಾಸ್ತಿ ಹೊತ್ತು ಹೋಗುವುದು ಮನೆಯವರ ಜೊತೆ. ಆರೋಪಿ ಚಿಕ್ಕಪ್ಪನೋ ಪಕ್ಕದ ಮನೆಯವನೋ ಆಗಿದ್ದರೆ ಅಜ್ಜಿ "ಮರ್ಯಾದೆ ಹೋಯ್ತು, ರಾಜಿ ಮಾಡ್ಕೊಳ್ಳಿ" ಅನ್ನುತ್ತಾರೆ. ಅಮ್ಮ "ಮೊದಲೇ ಯಾಕೆ ಹೇಳ್ಲಿಲ್ಲ?" ಅಂತ ಅಳುತ್ತಾರೆ. ಆ ಪ್ರಶ್ನೆ ಮಗುವಿನ ಕಿವಿಗೆ ಬೈಗುಳವಾಗಿಯೇ ಕೇಳುತ್ತದೆ ಅಂತ ಅಮ್ಮನನ್ನು ಬೇರೆ ಕೂರಿಸಿಕೊಂಡು ಹೇಳುತ್ತೇನೆ. ಹಾಸಿಗೆ ಒದ್ದೆಯಾದರೆ ಬೈಯಬೇಡಿ, ಶಾಲೆ ಬಿಡಿಸಬೇಡಿ, ಆಟಕ್ಕೆ ಕಳಿಸಿ. ಇದಕ್ಕಿಂತ ದೊಡ್ಡ ಉಪದೇಶ ಬೇಕಿಲ್ಲ.

ಮಕ್ಕಳ ಕಲ್ಯಾಣ ಸಮಿತಿ ನನ್ನನ್ನು ಸಪೋರ್ಟ್ ಪರ್ಸನ್ (ತನಿಖೆ, ವಿಚಾರಣೆಯ ಹೊತ್ತಿನಲ್ಲಿ ಮಗುವಿನ ಜೊತೆಗಿದ್ದು ನೆರವಾಗುವವರು) ಅಂತ ನೇಮಿಸಿದ ಕೇಸುಗಳಲ್ಲಿ, ಸಾಕ್ಷಿಗೆ ಮುಂಚೆಯೇ ಖಾಲಿ ಕೋರ್ಟ್ ಹಾಲ್ ತೋರಿಸಿಕೊಂಡು ಬರುತ್ತೇನೆ. ಜಡ್ಜ್ ಎಲ್ಲಿ ಕೂರುತ್ತಾರೆ, ನೀರು ಕುಡಿಯಬೇಕು ಅನಿಸಿದರೆ ಹೇಗೆ ಕೇಳಬೇಕು, "ಗೊತ್ತಿಲ್ಲ" ಅನ್ನುವುದೂ ಸರಿಯಾದ ಉತ್ತರವೇ, ಇಷ್ಟೇ. ಏನು ಹೇಳಬೇಕು ಅನ್ನುವುದನ್ನು ಮಾತ್ರ ಮುಟ್ಟುವುದಿಲ್ಲ. ಮಗುವಿಗೆ ಆರೋಪಿಯ ಮುಖ ಕಾಣದ ಹಾಗೆ ವ್ಯವಸ್ಥೆ ಮಾಡಬೇಕು ಅಂತ ಪೋಕ್ಸೋದ 36ನೇ ಸೆಕ್ಷನ್ ಹೇಳುತ್ತದೆ, ಅದಾಗಿದೆಯಾ ಅಂತ ಸರ್ಕಾರಿ ವಕೀಲರನ್ನು ಮೊದಲೇ ಕೇಳಿಕೊಳ್ಳುತ್ತೇನೆ. ಜೊತೆಗೆ ಮಧ್ಯಂತರ ಪರಿಹಾರದ, ಅಂದರೆ ಕೇಸು ಮುಗಿಯುವ ಮುಂಚೆಯೇ ಮಗುವಿಗೆ ಕೊಡಿಸಬಹುದಾದ ಹಣದ, ಅರ್ಜಿಯನ್ನೂ ನೆನಪಿಸುತ್ತೇನೆ. ಪ್ರತಿ ವಾಯಿದೆಗೂ ಅಮ್ಮನ ಒಂದು ದಿನದ ಕೂಲಿ ಹೋಗುತ್ತಿರುತ್ತದೆ.